ಮುನಿರಾಜಣ್ಣನ ನಾಲ್ಕನೇ ನಂಬರ್ ಸೀಲು

ಚಾಮರಾಜಪೇಟೆಯಲ್ಲಿ ವಿಮಾನದ ಸಾಮಾನು ತಯಾರಾಗುತ್ತದೆ ಎಂದರೆ ಯಾರೂ ನಂಬುವುದಿಲ್ಲ. ನನ್ನ ಒಡಹುಟ್ಟಿದ ಅಕ್ಕನೇ ನಂಬಿಲ್ಲ. "ಅಗರಬತ್ತಿ ಫ್ಯಾಕ್ಟರಿ ಇರ್ಬೇಕು ಕಣೇ, ನಿನ್ನ ಯಾಮಾರಿಸಿದಾರೆ" ಎಂದು ಹನ್ನೆರಡು ವರ್ಷದಿಂದ ಹೇಳುತ್ತಲೇ ಇದ್ದಾಳೆ. ರಸ್ತೆಗೆ ಕಾಣುವುದು ಹೆಂಚಿನ ಹಳೇ ಮನೆ. ಅದರ ಹಿಂದೆ, ಒಂದು ಕಾಲದಲ್ಲಿ ದನ ಕಟ್ಟುತ್ತಿದ್ದ ಜಾಗದಲ್ಲಿ, ತಗಡಿನ ಶೆಡ್ಡು. ಅದರಲ್ಲಿ ಒಂಬತ್ತು ಮಿಷನ್ನು, ಇಪ್ಪತ್ತೆರಡು ಜನ. ನಾನು ಕಮಲಮ್ಮ. ಅಲ್ಲಿ ತಪಾಸಣೆ ಟೇಬಲ್ಲಿನ ಪಕ್ಕ ಕೂತು ಕಾರ್ಡು ಬರೆಯುತ್ತಿದ್ದವಳು. ಈಗ ಏನು ಮಾಡುತ್ತಿದ್ದೇನೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನನ್ನ ಮಾತು ಕೇಳುವುದಕ್ಕೆ ನಿಮಗೆ ಮನಸ್ಸು ಬರಲಿಕ್ಕಿಲ್ಲ.

ಹೇಳಬೇಕಾಗಿರುವುದು ಮುನಿರಾಜಣ್ಣನ ಬಗ್ಗೆ.

ಅದಕ್ಕೆ ಮೊದಲು ನಮ್ಮ ಸಾಮಾನಿನ ವಿಷಯ ಗೊತ್ತಿರಬೇಕು. ಪೈಲಟ್ಟಿನ ಕೈ ಹತ್ತಿರ ಒಂದು ಹಿಡಿ ಇರುತ್ತದೆ. ಮುಂದಕ್ಕೆ ತಳ್ಳಿದರೆ ಇಂಜಿನ್ನಿನ ಜೋರು ಏರುತ್ತದೆ, ಹಿಂದಕ್ಕೆ ಎಳೆದರೆ ಇಳಿಯುತ್ತದೆ. ಆ ಹಿಡಿ ತನ್ನಿಷ್ಟಕ್ಕೆ ಜಾರಬಾರದು, ನಿಲ್ಲಬೇಕಾದ ಕಡೆ ನಿಲ್ಲಬೇಕು. ಅದಕ್ಕೇ ಅದರ ಕೆಳಗೆ ಅಂಗೈ ಅಗಲದ ಒಂದು ಬಾಗಿದ ಉಕ್ಕಿನ ಪ್ಲೇಟು, ಪ್ಲೇಟಿನ ಅಂಚಿನಲ್ಲಿ ಮೂರು ಕಚ್ಚು. ಹಿಡಿಯ ತುದಿ ಕಚ್ಚಿನೊಳಗೆ ಹೋಗಿ ಕೂರಬೇಕು. ಕೂತದ್ದು ಪೈಲಟ್ಟಿಗೆ ಕಣ್ಣಿನಿಂದಲ್ಲ, ಕೈಯಿಂದ ತಿಳಿಯಬೇಕು. ಆ ಪ್ಲೇಟು ಮಾಡುವುದು ನಮ್ಮ ಶೆಡ್ಡು. ಅದು ಸರಿಯಿದೆ ಎಂದು ಹೇಳುವುದು ಮುನಿರಾಜಣ್ಣ.

ಅವನು ತಿಗಳರ ಮನೆಯವನು. ತಂದೆ ಮುನಿರಾಮಪ್ಪ ಗಾಂಧಿಬಜಾರಿನಲ್ಲಿ ಸೊಪ್ಪು ಮಾರುತ್ತಿದ್ದವರು. ಮಗ ಐಟಿಐ ಓದಿ ಮಿಷನ್ನು ಹಿಡಿದ. ಪ್ಲೇಟಿಗೆ ಮೊದಲು ಗೇಜು ಹಾಕಿ ಅಳತೆ ನೋಡುತ್ತಿದ್ದ. ಆಮೇಲೆ ಅದನ್ನು ಟೇಬಲ್ಲಿನ ಮೇಲಿನ ಕಬ್ಬಿಣದ ಕಟ್ಟೆಗೆ ಬಿಗಿದು, ಹಿಡಿ ಸಿಕ್ಕಿಸಿ, ಎರಡೇ ಬೆರಳಿನಲ್ಲಿ ತಳ್ಳುತ್ತಿದ್ದ. ಆಗ ಕಣ್ಣು ಮುಚ್ಚಿರಬೇಕು, ಯಾರೂ ಮಾತಾಡಬಾರದು. ಗೇಜು ಸರಿ ಅಂದದ್ದನ್ನು ಎಷ್ಟೋ ಸಲ ಅವನ ಬೆರಳು ಬೇಡ ಎಂದಿದೆ. "ಹೋಗಿದೆ, ಆದ್ರೆ ಕೂತಿಲ್ಲ" ಎಂದು ಪಕ್ಕಕ್ಕೆ ಇಡುತ್ತಿದ್ದ. ಮಿಷನ್ನಿನವರು ಹಲ್ಲು ಕಡಿಯುತ್ತಿದ್ದರು. ಮಸೂರ ಹಿಡಿದು ನೋಡಿದರೆ ಕಚ್ಚಿನ ತಳದಲ್ಲಿ ಕೂದಲೆಳೆಯಷ್ಟು ಉಬ್ಬು ಇದ್ದೇ ಇರುತ್ತಿತ್ತು. "ಸೊಪ್ಪು ಆರಿಸೋರ ಮನೆ ಕೈ ಕಮಲಮ್ಮ ಇದು. ಕೊಳ್ತಿರೋ ಎಲೆ ಕಟ್ಟಿನೊಳಗಿದ್ರೂ ಗೊತ್ತಾಗತ್ತೆ" ಎನ್ನುತ್ತಿದ್ದ. ಜಂಬ ಇತ್ತು. ಇರಬೇಕಾದವನಿಗೆ ಇದ್ದರೆ ನನಗೇನೂ ಬೇಸರವಿಲ್ಲ.

ಸರಿ ಎಂದ ಮೇಲೆ ಸೀಲು. ಪೆನ್ನಿನಷ್ಟು ದಪ್ಪದ ಹಿತ್ತಾಳೆ ಸೀಲು, ತುದಿಯಲ್ಲಿ ಒಂದು ಸುತ್ತು, ಸುತ್ತಿನೊಳಗೆ ನಾಲ್ಕು ಎಂಬ ಅಂಕಿ. ನಾಲ್ಕನೇ ನಂಬರ್ ಎಂದರೆ ಮುನಿರಾಜ್, ಇನ್ಯಾರೂ ಅಲ್ಲ. ಅದು ಅವನ ಹೆಬ್ಬೆಟ್ಟು ಇದ್ದ ಹಾಗೆ. ನಾನು ತಾರೀಖು ಹಾಕಿ ಬರೆದ ಕಾರ್ಡಿನ ಮೂಲೆಯಲ್ಲಿ ಅವನು ಅದನ್ನು ಒತ್ತಿದರೆ ಮಾತ್ರ ಪ್ಲೇಟು ಹೊರಗೆ ಹೋಗಬಹುದು. ಒಂದು ಕಾರ್ಡು ಪ್ಲೇಟಿನ ಜೊತೆ ಹೋಗುತ್ತದೆ, ಇನ್ನೊಂದು ನಮ್ಮ ಫೈಲಿನಲ್ಲಿ ಉಳಿಯುತ್ತದೆ. ಶಂಖದಿಂದ ಬಂದರೇ ತೀರ್ಥ ಅಂತಾರಲ್ಲ, ಹಾಗೆ.

ವರ್ಷಕ್ಕೊಮ್ಮೆ, ಚೈತ್ರದಲ್ಲಿ, ಮುನಿರಾಜಣ್ಣ ಹನ್ನೊಂದು ದಿನ ಕೆಲಸಕ್ಕೆ ಬರುತ್ತಿರಲಿಲ್ಲ. ಅವನು ಕರಗದ ಉತ್ಸವದಲ್ಲಿ ದೇವಿಗೆ ಕಾವಲಾಗಿ ಕತ್ತಿ ಹಿಡಿದು ನಡೆಯುವ ವೀರಕುಮಾರ. ಅಪ್ಪ, ತಾತ, ಎಲ್ಲರೂ ದೀಕ್ಷೆ ತೊಟ್ಟು ಕತ್ತಿ ಹಿಡಿದವರೇ. ಆ ದಿನಗಳಲ್ಲಿ ವ್ರತ, ಒಪ್ಪೊತ್ತಿನ ಊಟ, ಗುಡಿ ಬಿಟ್ಟರೆ ಬೇರೆ ಪ್ರಪಂಚ ಇಲ್ಲ. ಶೆಡ್ಡಿನ ಯಜಮಾನರು ಶ್ರೀನಿವಾಸಯ್ಯನವರು ಒಂದು ದಿನವೂ ಬೇಡ ಎಂದವರಲ್ಲ. ಪ್ಲೇಟುಗಳು ಹನ್ನೊಂದು ದಿನ ಟ್ರೇ ಮೇಲೆ ಟ್ರೇ ಕೂತಿರುತ್ತಿದ್ದವು. ಹೋಗುವ ಮುಂಚಿನ ದಿನ ಮುನಿರಾಜಣ್ಣ ಸೀಲನ್ನು ಬಟ್ಟೆಯಲ್ಲಿ ಒರೆಸಿ, ಶೆಡ್ಡಿನ ಗೋಡೆಗಿದ್ದ ದೇವಿಯ ಫೋಟೊ ಮುಂದೆ ಕುಂಕುಮದ ಮೇಲೆ ಇಟ್ಟು, ಪಕ್ಕದಲ್ಲಿ ಒಂದು ನಿಂಬೆಹಣ್ಣು ಇಟ್ಟು ಹೋಗುತ್ತಿದ್ದ. ಬೀರುವಿನಲ್ಲಿಡಿ, ಬೀಗ ಹಾಕಿ ಎಂದು ನಿಯಮದ ಪುಸ್ತಕದಲ್ಲಿತ್ತು. ನಮಗೆ ಅದು ನಗೆಪಾಟಲು. ದೇವಿ ಮುಂದಿನದನ್ನು ಯಾರು ಮುಟ್ಟುತ್ತಾರೆ? ಹತ್ತೊಂಬತ್ತು ವರ್ಷ ಯಾರೂ ಮುಟ್ಟಲೂ ಇಲ್ಲ.

ಹೋದ ವರ್ಷ ಸಂಕ್ರಾಂತಿ ಕಳೆದ ವಾರ ಹರಿಕೃಷ್ಣ ಬಂದ. ನಮ್ಮ ಪ್ಲೇಟು ಕೊಳ್ಳುವ ದೊಡ್ಡ ಕಂಪನಿಯಲ್ಲಿ ಗುಣಮಟ್ಟ ನೋಡಿಕೊಳ್ಳುವವನು, ಮತ್ತಿಕೆರೆಯ ಹುಡುಗ, ಮೂವತ್ತೈದರ ಒಳಗೆ. ಮಿಷನ್ನು ನಿಲ್ಲಿಸಿ ಎಲ್ಲರನ್ನೂ ಕೂರಿಸಿದ. ದೇವಿ ಫೋಟೊ ಪಕ್ಕದ ಗೋಡೆಯ ಮೇಲೆ ಚಿತ್ರ ಬಿಟ್ಟ. ಒಂದು ನೀಲಿ ಗೆರೆ, ಎಡಗಡೆ ಕೆಳಗೆ ಹುಟ್ಟಿ ಬಲಗಡೆ ಮೇಲಕ್ಕೆ ಹತ್ತುತ್ತಾ ಹೋಗಿತ್ತು.

"ಇದು ವಿಮಾನದ ಥ್ರಸ್ಟ್ ಕಂಟ್ರೋಲ್, ಅಂದ್ರೆ ಇಂಜಿನ್ ಹಿಡಿ, ಅದರ ಮಾರ್ಕೆಟ್ಟು" ಎಂದ. "ಏರ್‌ಲೈನ್‌ನವ್ರು ಹೊಸ ವಿಮಾನ ತಗೋತಿದಾರೆ, ಹಳೇದರಲ್ಲಿ ಹಿಡಿ ಬದಲಾಯಿಸ್ತಿದಾರೆ. ತಂತಾನೇ ಸರಿಯೋ ಹಿಡಿನೂ ಬಂದಿದೆ. ಏನೇ ಬಂದ್ರೂ ಕೆಳಗೆ ಪ್ಲೇಟ್ ಬೇಕೇ ಬೇಕು. ಮುಂದಿನ ಹತ್ತು ವರ್ಷ ಈ ಗೆರೆ ಇಳಿಯೋ ಮಾತೇ ಇಲ್ಲ. ನೀವು ದಿನಕ್ಕೆ ನಲವತ್ತು ಕೊಡ್ತಿದೀರ. ನಮಗೆ ನೂರೈವತ್ತು ಬೇಕು."

ಯಜಮಾನರ ಮುಖ ಹೂವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಮುನಿರಾಜಣ್ಣ ಮಾತ್ರ ಕೈ ಎತ್ತಿ ಕೇಳಿದ.

"ಸಾರ್, ಗೆರೆ ಮೇಲಕ್ಕೆ ಹೋಗ್ಲಿ, ಸಂತೋಷ. ಆದ್ರೆ ನೋಡೋ ಕೈ ಇರೋದು ಎರಡೇ. ಇನ್ನೊಬ್ಬರನ್ನ ತಯಾರು ಮಾಡಕ್ಕೆ ನಂಗೆ ಒಂದು ವರ್ಷ ಬೇಕು."

ಹರಿಕೃಷ್ಣ ನಕ್ಕ. "ಅಣ್ಣಾ, ಮಾರ್ಕೆಟ್ಟು ಒಂದು ವರ್ಷ ಕಾಯಲ್ಲ."

ಹೊಸ ಮಿಷನ್ನು ಎರಡು ಬಂದವು. ಹೊಸ ಕೈ ಬರಲಿಲ್ಲ. ಮಾರ್ಚಿನ ಹೊತ್ತಿಗೆ ಮುನಿರಾಜಣ್ಣನ ಟೇಬಲ್ಲಿನ ಸುತ್ತ ಟ್ರೇಗಳು ಎದೆಯೆತ್ತರ ನಿಂತವು. ಹತ್ತೊಂಬತ್ತು ವರ್ಷ ಅವನನ್ನು ಹೊಗಳಿದ ಬಾಯಿಗಳೇ "ನಿಧಾನಸ್ಥ" ಎನ್ನಲು ಶುರು ಮಾಡಿದವು. ಅಷ್ಟರಲ್ಲಿ ಚೈತ್ರ ಬಂತು. ಅವನು ಸೀಲು ಒರೆಸಿ, ಫೋಟೊ ಮುಂದೆ ಇಟ್ಟು, ನಿಂಬೆಹಣ್ಣು ಇಟ್ಟು ಹೋದ.

ಮೂರನೇ ದಿನ ಕಂಪನಿಯಿಂದ ಫೋನು. ಆ ವಾರದೊಳಗೆ ನಾನೂರು ಪ್ಲೇಟು ಹೋಗದಿದ್ದರೆ ಆರ್ಡರು ಬೇರೆಯವರಿಗೆ. ಯಜಮಾನರು ನನ್ನನ್ನು ಕೋಣೆಗೆ ಕರೆದರು.

"ಕಮಲಮ್ಮಾ, ಹನ್ನೆರಡು ವರ್ಷ ಅವನ ಪಕ್ಕ ಕೂತಿದೀರ. ಅವನು ಮಾಡೋದು ನಿಮಗೆ ಗೊತ್ತಿಲ್ವಾ?"

ಬಲವಂತ ಮಾಡಿದರು ಎಂದು ಹೇಳಿದರೆ ನನಗೆ ಹಗುರವಾದೀತು. ಬಲವಂತ ಮಾಡಲಿಲ್ಲ. ಹನ್ನೆರಡು ವರ್ಷ ಕಾರ್ಡು ಬರೆದವಳಿಗೆ ಆ ಕುರ್ಚಿಯ ಮೇಲೆ ಕೂರುವ ಆಸೆಯಿತ್ತು. "ಗೊತ್ತು ಸಾರ್" ಎಂದೆ.

ದೇವಿಗೆ ಕೈ ಮುಗಿದು, "ತಪ್ಪಾಯ್ತು ತಾಯಿ, ಹೊಟ್ಟೆಪಾಡು" ಎಂದು ಗಲ್ಲ ಗಲ್ಲ ಬಡಿದುಕೊಂಡು ಸೀಲು ಎತ್ತಿಕೊಂಡೆ. ಕ್ಷಮೆ ಕೇಳಿದ ಮೇಲೆ ಆಯಿತಲ್ಲ ಎನ್ನುವುದು ನಮ್ಮಂಥವರ ಲೆಕ್ಕ. ಮೊದಲ ದಿನ ಪ್ರತಿ ಪ್ಲೇಟನ್ನೂ ಕಟ್ಟೆಗೆ ಬಿಗಿದು ಕಣ್ಣು ಮುಚ್ಚಿ ತಳ್ಳಿದೆ. ಎಲ್ಲವೂ ಕೂತ ಹಾಗೇ ಇತ್ತು. ಎರಡನೇ ದಿನ ಐದಕ್ಕೊಂದು. ಮೂರನೇ ದಿನ ಬರೀ ಗೇಜು. ನಾಲ್ಕು ದಿನಕ್ಕೆ ನಾನೂರೂ ಮುಗಿಯಿತು. ಇನ್ನೊಂದು ಹೇಳಬೇಕು. ಕಾರ್ಡಿನ ಮೇಲೆ ನಾನು ಆಯಾ ದಿನದ ನಿಜವಾದ ತಾರೀಖನ್ನೇ ಬರೆದೆ. ಬೇರೆಯವರ ಸೀಲು ಒತ್ತಲು ಹೇಸದ ಕೈ ಸುಳ್ಳು ತಾರೀಖು ಬರೆಯಲು ಒಪ್ಪಲಿಲ್ಲ. ನನ್ನ ಪ್ರಾಮಾಣಿಕತೆ ಅಷ್ಟು ಚೆಂದ.

ಆಮೇಲೆ ಸೀಲನ್ನು ಅದೇ ಕುಂಕುಮದ ಮೇಲೆ ಇಟ್ಟೆ.

ಮುನಿರಾಜಣ್ಣ ಹನ್ನೆರಡನೇ ದಿನ ಬಂದ. ಟ್ರೇ ಖಾಲಿ. ಯಜಮಾನರು "ಹೊರಗಡೆ ಒಬ್ಬರ ಹತ್ರ ನೋಡ್ಸಿ ಕಳಿಸ್ದೆ, ತಲೆ ಕೆಡಿಸ್ಕೋಬೇಡ" ಎಂದರು. ಅವನು ಸೀಲು ಎತ್ತಿ ತಿರುಗಿಸಿ ನೋಡಿದ. ಫೈಲು ತೆಗೆದು ಕಾರ್ಡುಗಳನ್ನು ಒಂದೊಂದಾಗಿ ಮಗುಚಿದ. ನಾನು ತಲೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅನ್ನದೇನೇ ನಾನು ಬೆರಳು ಸೆರಗಿನಲ್ಲಿ ಒರೆಸಿಕೊಂಡೆ.

ಅವನು ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ್ದು ಇಷ್ಟು: "ಸೀಲು ನೆಟ್ಟಗೆ ಒತ್ಬೇಕು ಕಮಲಮ್ಮ. ವಾರೆಯಾಗಿದೆ."

ಆ ನಾನೂರನ್ನೂ ವಾಪಸ್ ತರಿಸಿ, ನಾನು ನೋಡ್ತೀನಿ ಎಂದು ಅವನು ಯಜಮಾನರ ಹತ್ತಿರ ಮೂರು ಸಲ ಹೋದ. ಮೂರು ಸಲವೂ ಅವರು "ಆಯ್ತು ಮುನಿರಾಜ, ನೋಡೋಣ" ಎಂದರು. ನೋಡೋಣ ಎಂದರೆ ಏನು ಅಂತ ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ?

ಆಗಸ್ಟಿನಲ್ಲಿ ಸಿಕ್ಕಿಬಿತ್ತು. ಪುಣ್ಯಕ್ಕೆ ವಿಮಾನದಲ್ಲಲ್ಲ, ಹಿಡಿ ಜೋಡಿಸುವ ಕಡೆಯೇ ಪರೀಕ್ಷೆಯಲ್ಲಿ. ಒಂಬತ್ತು ಪ್ಲೇಟಿನಲ್ಲಿ ಎರಡನೇ ಕಚ್ಚಿನಲ್ಲಿ ಹಿಡಿ ಕೂರುತ್ತಿರಲಿಲ್ಲ, ಮುಟ್ಟಿದರೆ ಜಾರುತ್ತಿತ್ತು. ಒಂಬತ್ತರ ಕಾರ್ಡಿನಲ್ಲೂ ನಾಲ್ಕನೇ ನಂಬರ್ ಸೀಲು, ಚೈತ್ರದ ತಾರೀಖು. ಹರಿಕೃಷ್ಣ ಕಾರು ತಂದು ನಮ್ಮ ಬೀದಿಯ ಮೂಲೆಯಲ್ಲಿ ನಿಲ್ಲಿಸಿದ. ಅಲ್ಲಿ ಕರಗದ ಸಮಯದಲ್ಲಿ ಕಟ್ಟಿದ ಫ್ಲೆಕ್ಸು ಇನ್ನೂ ಬಿಚ್ಚಿರಲಿಲ್ಲ. ಬಿಸಿಲಿಗೆ ಮಾಸಿದ್ದರೂ, ನಮ್ಮ ಬಡಾವಣೆಯ ವೀರಕುಮಾರರ ಸಾಲಿನಲ್ಲಿ ಪೇಟ ಕಟ್ಟಿ ಕತ್ತಿ ಹಿಡಿದ ಮುನಿರಾಜಣ್ಣ ಕಾಣುತ್ತಿದ್ದ, ಕೆಳಗೆ ಆ ವರ್ಷದ ಇಸವಿ. ಹರಿಕೃಷ್ಣ ಅದನ್ನು ತಲೆಯೆತ್ತಿ ನೋಡಿದ್ದನ್ನು ನಾನು ಬಾಗಿಲಿನಿಂದ ನೋಡಿದೆ.

ಕೋಣೆಯಲ್ಲಿ ನಾವು ನಾಲ್ಕು ಜನ. ಯಜಮಾನರು, ಹರಿಕೃಷ್ಣ, ಮುನಿರಾಜಣ್ಣ, ಬರೆದುಕೊಳ್ಳಲು ನಾನು. ಯಜಮಾನರು ಆ ಹೊತ್ತಿಗಾಗಲೇ ಹರಿಕೃಷ್ಣನಿಗೆ ಫೋನಿನಲ್ಲಿ ನಡೆದದ್ದೆಲ್ಲ ಹೇಳಿದ್ದರು ಎಂದು ಆಮೇಲೆ ತಿಳಿಯಿತು.

"ಇರೋದು ಎರಡೇ ದಾರಿ" ಎಂದ ಹರಿಕೃಷ್ಣ. "ಸೀಲನ್ನ ಇನ್ಯಾರೋ ಒತ್ತಿದ್ರು ಅಂದ್ರೆ ಅದು ಮೋಸ. ನಿಮ್ಮ ಸರ್ಟಿಫಿಕೇಟ್ ಹೋಗತ್ತೆ, ಶೆಡ್ಡಿಗೆ ಬೀಗ. ನನ್ ಕೈಲೂ ಏನೂ ಆಗಲ್ಲ. ಸೀಲಿನವ್ರೇ ಒತ್ತಿದ್ರು, ಕಣ್ತಪ್ಪಿತು ಅಂದ್ರೆ ಅದು ಮನುಷ್ಯನ ತಪ್ಪು. ಸೀಲು ರದ್ದು ಮಾಡಿದ್ವಿ ಅಂತ ಬರ್ದು ಫೈಲ್ ಮುಚ್ಬಹುದು. ನಮಗೂ ಪ್ಲೇಟ್ ಬೇಕು. ಇನ್ನೊಬ್ಬರನ್ನ ಹುಡುಕಕ್ಕೆ ಟೈಮಿಲ್ಲ."

ಮುನಿರಾಜಣ್ಣ ಕಿಟಕಿಯ ಕಡೆ ನೋಡಿದ. ಅಲ್ಲಿಂದ ಶೆಡ್ಡು ಕಾಣುತ್ತದೆ. ಇಪ್ಪತ್ತೆರಡು ಜನ.

"ತಪ್ಪು ನಂದೇ ಅಂತ ಬರೀತೀನಿ ಸಾರ್."

"ಅಷ್ಟು ಸಾಲ್ದು ಅಣ್ಣ. ಹಾಜರಿ ಪುಸ್ತಕದಲ್ಲಿ ಆ ಹನ್ನೊಂದು ದಿನ ರಜೆ ಅಂತಿದೆ, ಕಾರಣ ಕರಗದ ದೀಕ್ಷೆ ಅಂತ. ಈ ವರ್ಷ ದೀಕ್ಷೆ ತಗೊಳ್ಲಿಲ್ಲ, ಕೆಲಸಕ್ಕೆ ಬಂದೆ ಅಂತ ಬರೀಬೇಕು."

ಮುನಿರಾಜಣ್ಣ ಕೈ ಮುಗಿದುಬಿಟ್ಟ. "ಅದೊಂದು ಬೇಡ ಸಾರ್. ನಂಗೆ ಕಣ್ಣು ಕಾಣಲ್ಲ ಅಂತ ಬರೀರಿ. ಕುಡ್ದಿದ್ದೆ ಅಂತ ಬೇಕಾದ್ರೂ ಬರೀರಿ. ದೀಕ್ಷೆ ತಗೊಂಡಿರ್ಲಿಲ್ಲ ಅಂತ ಬರೆಸ್ಬೇಡಿ. ಕತ್ತಿ ಹಿಡ್ದಿದ್ದ ಕೈ ಇದು. ಇದೇ ಕೈಲಿ ಹಿಡಿದಿಲ್ಲ ಅಂತ ಹೆಂಗ್ ಸೈನ್ ಹಾಕ್ಲಿ?"

"ಅಣ್ಣಾ, ಬೇರೆ ಎಲ್ಲಾ ಬಿಡಬಹುದು. ಬೇಕಾಗಿರೋದು ಅದೊಂದು ಲೈನೇ."

ಶ್ರೀನಿವಾಸಯ್ಯನವರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅರವತ್ತೆಂಟು ವರ್ಷದ ಮನುಷ್ಯ, ಕಣ್ಣಲ್ಲಿ ನೀರು. ನೀರು ನಿಜವಾದದ್ದೇ. ಅದೇ ನನಗೆ ಇವತ್ತಿಗೂ ತಡೆಯಲಾಗದ್ದು. ಕೆಟ್ಟವರು ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಮುನಿರಾಜಣ್ಣ ನನ್ನ ಕಡೆ ತಿರುಗಿದ. ತುಂಬಾ ಹೊತ್ತು ನೋಡಲಿಲ್ಲ, ಒಂದು ಸಲ ನೋಡಿದ ಅಷ್ಟೇ. "ನಾನು ಒತ್ತಿದ್ದು" ಎನ್ನಲು ಎರಡು ಮಾತು ಸಾಕಾಗಿತ್ತು. ಅಂದರೆ ಶೆಡ್ಡಿಗೆ ಬೀಗ ಬೀಳುತ್ತಿತ್ತು, ನಿಜ. ಆದರೆ ಆ ಗಳಿಗೆಯಲ್ಲಿ ನಾನು ಶೆಡ್ಡಿನ ಬಗ್ಗೆ ಯೋಚಿಸುತ್ತಿರಲಿಲ್ಲ. ನನ್ನ ಬಗ್ಗೆ ಯೋಚಿಸುತ್ತಿದ್ದೆ. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದೆ.

"ಬರಿಯಮ್ಮ" ಎಂದ.

ಬರೆದೆ. "ಈ ವರ್ಷ ನಾನು ದೀಕ್ಷೆ ತೆಗೆದುಕೊಂಡಿರಲಿಲ್ಲ" ಎಂಬ ಸಾಲನ್ನೂ ಬರೆದೆ, ಅಕ್ಷರ ದುಂಡಗೆ. ಓದು ಎಂದ, ಓದಿದೆ. ಸೈನ್ ಹಾಕಿದ. ಹರಿಕೃಷ್ಣ ಕಾಗದವನ್ನು ಫೈಲಿನಲ್ಲಿ ಇಟ್ಟುಕೊಂಡು, ಅದೇ ಫ್ಲೆಕ್ಸಿನ ಕೆಳಗೆ ಹೋಗಿ ಕಾರು ಹತ್ತಿದ.

ಸೀಲು ರದ್ದು ಮಾಡುವುದಕ್ಕೂ ಒಂದು ಕ್ರಮವಿದೆ. ಎಲ್ಲರ ಎದುರಿಗೆ ಮಾಡಬೇಕು. ಮಾರನೇ ದಿನ ಮುನಿರಾಜಣ್ಣನೇ ಅದನ್ನು ಸಾಣೆಕಲ್ಲಿಗೆ ಹಿಡಿದ. ಬೇರೆ ಯಾರಿಗೂ ಕೊಡಲಿಲ್ಲ. ನಾಲ್ಕು ಎಂಬ ಅಂಕಿ ಸವೆದು ಬೋಳಾದ ಮೇಲೆ ಬೆರಳಿನಲ್ಲಿ ಸವರಿ ನೋಡಿದ, ಎಲ್ಲಾದರೂ ಉಳಿದಿದೆಯೋ ಎಂದು. ಹತ್ತೊಂಬತ್ತು ವರ್ಷದ ಅಭ್ಯಾಸ.

ಯಜಮಾನರು ಅವನನ್ನು ಹೊರಗೆ ಹಾಕಲಿಲ್ಲ, ಪ್ಯಾಕಿಂಗಿನಲ್ಲಿ ಇಟ್ಟುಕೊಂಡರು. ಪ್ಲೇಟಿಗೆ ಎಣ್ಣೆಕಾಗದ ಸುತ್ತುವ ಕೆಲಸ. ಸುತ್ತುವಾಗ ಅವನ ಹೆಬ್ಬೆರಳು ತಾನಾಗಿಯೇ ಕಚ್ಚಿನೊಳಗೆ ಹೋಗುತ್ತಿತ್ತು. ಕೆಲವನ್ನು ತಿರುಗಿಸಿ ಮತ್ತೆ ಮುಟ್ಟುತ್ತಿದ್ದ. ಏನೂ ಹೇಳುವಂತಿರಲಿಲ್ಲ, ಹೇಳುವ ಅಧಿಕಾರ ಹೋಗಿತ್ತು. ದೀಪಾವಳಿ ಆದ ಮೇಲೆ ಬರಲಿಲ್ಲ. ಈಗ ತಮ್ಮನ ಜೊತೆ ಗಾಂಧಿಬಜಾರಿನಲ್ಲಿ ಅಪ್ಪನ ಜಾಗದಲ್ಲೇ ಕೂರುತ್ತಾನೆ. ಒಂದು ಸಲ ಹೋಗಿದ್ದೆ. ಮೆಂತ್ಯದ ಕಟ್ಟು ಬಿಚ್ಚಿ, ಎಲೆ ನೋಡಿ, ಮತ್ತೆ ಕಟ್ಟಿ ಕೊಡುತ್ತಿದ್ದ. ಗಿರಾಕಿಗಳು "ಬೇಗ ಕೊಡ್ರೀ" ಎಂದು ಗೊಣಗುತ್ತಿದ್ದರು.

"ಅಣ್ಣ, ನಾನು ಹೋಗಿ ನಿಜ ಹೇಳ್ಬಿಡ್ತೀನಿ" ಎಂದೆ.

"ಯಾರಿಗೆ ಹೇಳ್ತೀಯಮ್ಮ? ಎಲ್ಲಾರ್ಗೂ ಗೊತ್ತಿರೋದೇ" ಎಂದು ಸೊಪ್ಪು ಕೊಟ್ಟ. ಕೊತ್ತಂಬರಿ ಎರಡು ಕಡ್ಡಿ ಮೇಲೆ ಹಾಕಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನೀಲಿ ಗೆರೆ ಮೇಲಕ್ಕೇ ಹೋಗುತ್ತಿದೆ. ಹರಿಕೃಷ್ಣನಿಗೆ ಬಡ್ತಿಯಾಯಿತು. ನಮಗೆ ಇನ್ನೂ ಎರಡು ಮಿಷನ್ನು ಬಂತು. ನನ್ನನ್ನು ಆರು ವಾರ ತರಬೇತಿಗೆ ಕಳಿಸಿದರು, ಪರೀಕ್ಷೆಯಲ್ಲಿ ಪಾಸಾದೆ. ಈಗ ಆ ಕುರ್ಚಿಯ ಮೇಲೆ ಕೂರುವವಳು ನಾನು. ನನ್ನ ಸೀಲಿನ ನಂಬರು ಐದು. ಸಂಜೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಈ ವರ್ಷ ಚೈತ್ರದ ಮೊದಲ ವಾರ, ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ. ಗೇಟಿನ ಹತ್ತಿರ ಯಾರೋ ಮುದುಕಿ ಕರೆಯುತ್ತಿದ್ದಾರೆ ಎಂದರು. ಹೋಗಿ ನೋಡಿದರೆ ದ್ರೌಪದಮ್ಮ, ಮುನಿರಾಜಣ್ಣನ ತಾಯಿ. ಎಂಬತ್ತು ದಾಟಿದೆ. ಆಟೋ ಇಳಿದು ಗೇಟು ಹಿಡಿದು ನಿಂತಿದ್ದರು. ನನ್ನನ್ನು ಪಕ್ಕಕ್ಕೆ ಎಳೆದುಕೊಂಡರು.

"ನೀನು ಅವನ ಪಕ್ಕದಲ್ಲೇ ಕೂತಿದ್ದೋಳಲ್ವೇನಮ್ಮ. ಅದಕ್ಕೇ ಕೇಳಕ್ಕೆ ಬಂದೆ. ಕತ್ತಿ ತೊಳ್ದು, ಎಣ್ಣೆ ಹಚ್ಚಿ, ಪೇಟ ಮಡಿ ಮಾಡಿ ಇಟ್ಟೆ. ಈ ವರ್ಷ ದೀಕ್ಷೆ ತಗೊಳಲ್ಲ ಅಂತಾನೆ. ನಮ್ಮನೇಲಿ ನಮ್ಮ ಮಾವನ ಕಾಲದಿಂದ ಒಂದು ವರ್ಷನೂ ತಪ್ಪಿಲ್ಲಮ್ಮ. ಯಾಕೋ ಅಂದ್ರೆ ನನ್ ಕೈ ಅದನ್ನ ಹಿಡಿಯೋ ಹಂಗಿಲ್ಲ ಅಂತಾನೆ. ಏನ್ ಮಾಡ್ಬಾರದ್ದು ಮಾಡ್ದ ನನ್ ಮಗ? ನಿಂಗೇನಾದ್ರೂ ಗೊತ್ತಾ ತಾಯಿ?"

ಸೀಲು ನನ್ನ ಸೀರೆಯ ಸೊಂಟದ ಮಡಿಕೆಯಲ್ಲಿತ್ತು. ಸೆರಗಿನ ಮೇಲಿಂದ ಅದನ್ನು ಹಿಡಿದುಕೊಂಡೆ.

"ಗೊತ್ತಿಲ್ಲಮ್ಮ" ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ "ಒಳ್ಳೇದಾಗ್ಲಿ ಬಿಡು" ಎಂದು ನನ್ನ ಕೆನ್ನೆ ಸವರಿ ಆಟೋ ಹತ್ತಿದರು.

ಒಳಗೆ ಬಂದು ಕುರ್ಚಿಯಲ್ಲಿ ಕೂತೆ. ಟ್ರೇಯಲ್ಲಿ ಇನ್ನೂ ಎಪ್ಪತ್ತು ಪ್ಲೇಟು ಉಳಿದಿತ್ತು. ಒಂದನ್ನು ಕಟ್ಟೆಗೆ ಬಿಗಿದು, ಕಣ್ಣು ಮುಚ್ಚಿ, ಎರಡು ಬೆರಳಿನಲ್ಲಿ ಹಿಡಿಯನ್ನು ತಳ್ಳಿದೆ. ಕೂತಿತೋ ಇಲ್ಲವೋ ತಿಳಿಯಲಿಲ್ಲ. ಮತ್ತೆ ತಳ್ಳಿದೆ, ಆಗಲೂ ತಿಳಿಯಲಿಲ್ಲ. ಗೇಜು ಸರಿ ಎಂದಿತ್ತು. ಕಾರ್ಡು ಎಳೆದುಕೊಂಡು ಸೀಲು ಒತ್ತಿದೆ. ನೆಟ್ಟಗೆ ಒತ್ತಿದೆ.